ಎಡಕ್ಕೆ ವಾಲಿ ಕೂತ ಭಾನುವಾರಗಳು

ಹೋದ ತಿಂಗಳು ನಮ್ಮ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಮೇಡಂ ರಿಟೈರ್ ಆದರು. ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಗಳಲ್ಲಿ ಇಂಥ ಸಮಾರಂಭ ನಡೆಯುವುದು ಎರಡು ಪಾಳಿಗಳ ನಡುವಿನ ಸಂದಿಯಲ್ಲಿ. ಹೋಗುವವರಿಗೆ ಬಸ್ಸಿನ ಅವಸರ, ಬಂದವರಿಗೆ ಮೆಷಿನ್ನಿನ ಅವಸರ. ಒಂದು ಶಾಲು, ಹಣ್ಣಿನ ಬುಟ್ಟಿ, ದೊನ್ನೆಯಲ್ಲಿ ಖಾರಾಬಾತು. ಮ್ಯಾನೇಜರು ಇಂಗ್ಲಿಷಿನಲ್ಲಿ ಹೊಗಳಿದರು. ಆ ಮಾತುಗಳನ್ನು ಯಾರ ಬಗ್ಗೆ ಹೇಳಿದ್ದರೂ ನಡೆಯುತ್ತಿತ್ತು. ಕೊನೆಗೆ ಮೈಕು ಮೇಡಂ ಕೈಗೆ ಬಂತು. "ನಾ ಏನ್ ಹೇಳ್ಲಿ? ಮೂರನೇ ಲೈನಿನ ಬೆಲ್ಟ್ ಸಪ್ಪಳ ಮಾಡಾಕತ್ತೈತಿ, ಯಾರರ ನೋಡ್ರಿ" ಎಂದು ಮೈಕು ವಾಪಸ್ಸು ಕೊಟ್ಟರು. ಅದನ್ನು ನೋಡಬೇಕಾದವನು ನಾನು, ಮೆಂಟೆನೆನ್ಸ್‌ನವನು. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಅವರ ಸಿಟ್ಟು ಎಂಥದ್ದೆಂದು ನನಗೆ ಗೊತ್ತು. ಹಾವೇರಿ ಕಡೆಯವರು. ಕುಳ್ಳಗೆ, ಗಟ್ಟಿಯಾಗಿ ಇದ್ದರು. ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಹಚ್ಚಿಕೊಂಡ ವಿಭೂತಿ ಸ್ಕೂಟರ್ ಹೆಲ್ಮೆಟ್ಟಿನ ಒಳಗಿನ ಬಟ್ಟೆಗೆ ಅಂಟಿ ಅಂಟಿ, ಹೆಲ್ಮೆಟ್ಟೇ ವಿಭೂತಿ ಧರಿಸಿದ ಹಾಗೆ ಕಾಣುತ್ತಿತ್ತು. ಕೆಲಸದಲ್ಲಿ ಎಲ್ಲರಿಗೂ ಮೇಡಂ. ಫ್ಯಾಕ್ಟರಿ ಗೇಟಿನಿಂದ ಆಚೆ ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಎಲ್ಲೇ ಇದ್ದರೂ ತಮ್ಮಾ ಅನ್ನುತ್ತಿದ್ದರು. ಆದರೆ ಬಹುವಚನ ಮಾತ್ರ ಬಿಡುತ್ತಿರಲಿಲ್ಲ. 'ತಮ್ಮಾ, ಬರ್ರಿ' ಎಂದು ಕರೆಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಆನೇಕಲ್ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅಷ್ಟು ಮರ್ಯಾದೆ ಸ್ವಂತ ಮನೆಯಲ್ಲೂ ಸಿಕ್ಕಿರಲಿಲ್ಲ.

ಮಾತ್ರೆ ಪ್ಯಾಕ್ ಮಾಡುವ ಕಡೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಒಂದು ಔಷಧಿಯ ಬ್ಯಾಚು ಮುಗಿದು ಇನ್ನೊಂದು ಶುರುವಾಗುವ ಮೊದಲು ಲೈನನ್ನು ಪೂರ್ತಿ ಖಾಲಿ ಮಾಡಬೇಕು. ಹಳೆಯ ಬ್ಯಾಚಿನ ಒಂದು ಮಾತ್ರೆಯಾಗಲಿ ಲೇಬಲ್ಲಾಗಲಿ ಎಲ್ಲೂ ಉಳಿದಿರಬಾರದು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಮತ್ತೆ ನೋಡಬೇಕು. ಇದಕ್ಕೆ ಲೈನ್ ಕ್ಲಿಯರೆನ್ಸ್ ಅನ್ನುತ್ತಾರೆ. ಉಳಿದ ಸೂಪರ್‌ವೈಸರ್‌ಗಳು ಟಾರ್ಚು ಹಾಕಿ ಬಗ್ಗಿ ನೋಡಿದರೆ, ಮೇಡಂ ಮಂಡಿಯೂರಿ ನೆಲಕ್ಕೆ ಕೆನ್ನೆ ಹಚ್ಚಿ ಬೆಲ್ಟಿನ ಕೆಳಗೆ ನೋಡುತ್ತಿದ್ದರು. ಮನುಷ್ಯರಿಗೂ ಅವರದು ಅದೇ ಕಾನೂನು. ಯಾವುದಾದರೂ ಹುಡುಗಿ ಮನೆಯಲ್ಲಿ ಜಗಳವಾಡಿ ಕಣ್ಣು ಕೆಂಪು ಮಾಡಿಕೊಂಡು ಬಂದರೆ, "ಮನಿ ಬ್ಯಾಚ್ ಮನ್ಯಾಗ ಬಿಟ್ಟ್ ಬರ್ಬೇಕವಾ. ಹೋಗು, ಮಾರಿ ತೊಳ್ಕೊಂಡ್ ಬಾ" ಅನ್ನುತ್ತಿದ್ದರು. ಅವಳು ಬರುವ ತನಕ ಅವಳ ಜಾಗದಲ್ಲಿ ತಾವೇ ನಿಂತು ಡಬ್ಬಿ ತುಂಬುತ್ತಿದ್ದರು.

ಇಂಥವರು, ರಿಟೈರ್ ಆಗುವುದಕ್ಕೆ ಮುಂಚೆ, ಒಂದು ಬೆಳಿಗ್ಗೆ ಭಾರೀ ಸ್ಕೂಟರಿನ ಮೇಲೆ ಗೇಟಿನ ಒಳಗೆ ಬಂದಾಗ ಸೆಕ್ಯುರಿಟಿಯವನು ಯಾರೋ ಸಾಹೇಬರೆಂದುಕೊಂಡು ಎದ್ದು ನಿಂತ. ಮಾಮೂಲಿ ಸ್ಕೂಟರಲ್ಲ. ಮುಂದೆ ಅಗಲವಾದ ಗಾಜು, ಕಣ್ಣಿನಂಥ ಎರಡು ದೀಪ, ಸೋಫಾದಂಥ ಸೀಟು, ಹಿಂದೆ ಕೂರುವವರಿಗೆ ಬೆನ್ನಿಗೊಂದು ಆಸರೆ. ನಿಲ್ಲಿಸಿದರೆ ಸ್ಟ್ಯಾಂಡಿನಲ್ಲಿ ಎರಡು ಗಾಡಿಯ ಜಾಗ ಬೇಕು. ಊಟದ ಹೊತ್ತಿಗೆ ಪ್ಯಾಕಿಂಗ್ ಹುಡುಗರು ಅದಕ್ಕೆ ಎಮ್ಮೆ ಎಂದು ಹೆಸರಿಟ್ಟಾಗಿತ್ತು. "ಏನ್ ಮೇಡಂ, ಈ ವಯಸ್ಸಲ್ಲಿ ರೈಡಿಂಗ್ ಶುರುನಾ?" ಎಂದು ಕೇಳಿದವನಿಗೆ, "ಹೌದಪ, ನಿನ್ನ ವಯಸ್ಸಿನ್ಯಾಗ ನನಗ ಟೈಮ್ ಇರ್ಲಿಲ್ಲ" ಎಂದರು.

ಅದಾದ ಕೆಲವು ದಿನಕ್ಕೆ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತರು. ನಾನು ಎರಡನೇ ಮುದ್ದೆ ಹಾಕಿಸಿಕೊಂಡಿದ್ದೆ. ತಟ್ಟೆ ನೋಡಿದರು, ನನ್ನನ್ನು ನೋಡಿದರು, "ನಿಮ್ಮ ತೂಕ ಎಷ್ಟೈತ್ರಿ?" ಎಂದರು. ಅಕ್ಕಪಕ್ಕದ ಮೇಜಿನವರು ಇತ್ತ ತಿರುಗಿದರು. ನನ್ನ ಗಾತ್ರದ ಬಗ್ಗೆ ನನ್ನ ಹಿಂದೆ ಮಾತಾಡುತ್ತಾರೆಂಬುದು ಗೊತ್ತಿತ್ತು, ಎದುರಿಗೇ ಕೇಳಿದ್ದು ಇವರೇ ಮೊದಲು. ತುಸು ಕೋಪದಲ್ಲೇ ಹೇಳಿದೆ. ಅವರ ಮುಖ ಅರಳಿತು. "ನಮ್ಮ ಮನಿಯವರದೂ ಅಷ್ಟ ಐತ್ರಿ. ಭಾನುವಾರ ನೀವು ನನ್ನ ಗಾಡಿ ಹಿಂದ ಕುಂದರಬೇಕು" ಎಂದರು.

ಕಾರಣವನ್ನೂ ಅಲ್ಲೇ, ನಾನು ಸಾರು ಸುರಿದುಕೊಳ್ಳುತ್ತಿರುವಾಗಲೇ, ಬಿಡಿಸಿ ಹೇಳಿದರು. ಅವರ ಯಜಮಾನರು ಪೀಣ್ಯದ ಒಂದು ಕಂಪ್ರೆಸರ್ ಕಂಪನಿಯಲ್ಲಿ ಸರ್ವಿಸ್ ಕೆಲಸದಲ್ಲಿದ್ದವರು. ಲಗ್ಗೆರೆಯ ಬಾಡಿಗೆ ಮನೆಯಿಂದ ಮೋಟಾರ್ ಸೈಕಲ್ ಹತ್ತಿದರೆ ರಾಜ್ಯದ ಯಾವ ಮೂಲೆಯ ಮಿಲ್ಲಾದರೂ ಸರಿ, ಬಸ್ಸು ಮುಟ್ಟದವರು. ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಎಡಭಾಗ ಸೋತುಹೋಯಿತು. ಈಗ ಬೊಮ್ಮಸಂದ್ರದ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಆದರೆ ಮನೆ ಬಿಟ್ಟು ಕೆಳಗೆ ಇಳಿಯುವುದಿಲ್ಲ. ಬಾಲ್ಕನಿಯಲ್ಲಿ ಕೂತು ಹೊಸೂರು ರಸ್ತೆಯ ಮೇಲ್ಸೇತುವೆಯನ್ನು ನೋಡುತ್ತಾರೆ. ಮಾತು ಕಡಿಮೆಯಾಗಿದೆ, ಊಟ ಕಡಿಮೆಯಾಗಿದೆ. ಹೊರಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿ ಹೇಳಿ ಸಾಕಾಗಿದ್ದಾರೆ.

"ಕಾರಲ್ಲಿ ಕರ್ಕೊಂಡೋಗಿ ಮೇಡಂ" ಎಂದೆ.

"ಕಾರು ಅಂದ್ರ ಅವರಿಗೆ ಆಸ್ಪತ್ರಿ. ಆವತ್ತಿನಿಂದ ಕಾರು ಹತ್ತಿದಾಗೆಲ್ಲಾ ಅಲ್ಲಿಗೇ ಹೋಗ್ಯಾರ. ಬಾಗಿಲು ತಗದ್ರ ಮಾರಿ ತಿರುಗಸ್ತಾರ" ಎಂದರು. "ಅವರಿಗೆ ಬೇಕಾಗಿರೋದು ತಿರುವಿನ ರಸ್ತೆ ತಮ್ಮಾ. ಗಾಳಿ ಬಡೀಬೇಕು, ಗಾಡಿ ಬಾಗಬೇಕು. ನಾ ಹತ್ತಸ್ತೀನಿ. ಆದ್ರ ಒಮ್ಮೆ ಬಿದ್ರ ಮುಗೀತು, ಮತ್ತ ಈ ಜನ್ಮದಾಗ ಕೆಳಗ ಇಳಿಯಂಗಿಲ್ಲ ಅವರು. ಬೀಳಸಂಗಿಲ್ಲ ಅಂತ ನನಗ ಖಾತ್ರಿ ಆಗೂ ಮಟಾ ಕೇಳಂಗಿಲ್ಲ."

ತೊಂದರೆ ಇದ್ದದ್ದು ಎಡಭಾಗದ್ದು. ಯಜಮಾನರು ಕೂತರೆ ಮೈ ತಾನಾಗಿ ಎಡಕ್ಕೆ ಜಾರುತ್ತಿತ್ತು. ಹಿಂದೆ ಕೂತವರ ಭಾರವೆಲ್ಲ ಒಂದೇ ಕಡೆಗಿದ್ದರೆ ಬಲ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಆದ್ದರಿಂದ ಅದೇ ತೂಕದ ಒಬ್ಬ ಮನುಷ್ಯ, ಎಡಕ್ಕೆ ವಾಲಿಕೊಂಡು, ಯಾವ ತಿರುವಿನಲ್ಲೂ ಅಲ್ಲಾಡದೆ, ಹಿಂದೆ ಕೂರಬೇಕು. ಅವರು ಹಾಗೆ ಓಡಿಸಲು ಕಲಿಯಬೇಕು. ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದೆ. ಏನನ್ನುತ್ತಾಳೋ ಎಂಬ ಅಳುಕಿತ್ತು. "ಹೋಗ್ಬನ್ನಿ, ಒಳ್ಳೇ ಕೆಲ್ಸ. ವಾರಕ್ಕೆ ಒಂದಿನ ಆದ್ರೂ ಮೂಟೆ ತರ ಸುಮ್ನೆ ಕೂತ್ಕೊಳ್ಳೋದು ಕಲೀತೀರ" ಎಂದಳು.

ಮೊದಲು ಯಜಮಾನರು ಹೇಗೆ ವಾಲುತ್ತಾರೆಂದು ನೋಡಿಕೊಂಡು ಬರಲು ನನ್ನನ್ನು ಮನೆಗೆ ಕರೆದರು. ಅವರಿಗೆ ಈ ವಿಷಯ ಹೇಳಿರಲಿಲ್ಲ, ಫ್ಯಾಕ್ಟರಿಯವರು ಎಂದಷ್ಟೇ ಪರಿಚಯ. ಎತ್ತರದ ಮನುಷ್ಯ, ದಪ್ಪ ಮೀಸೆ. ಸೋಫಾದ ಮೇಲೆ ಎಡ ಪಕ್ಕಕ್ಕೆ ಎರಡು ದಿಂಬು ಒತ್ತಿಟ್ಟಿದ್ದರು. ಆದರೂ ಮಾತಾಡುತ್ತಾ ಆಡುತ್ತಾ ಮೈ ಅತ್ತಲೇ ಸರಿಯುತ್ತಿತ್ತು, ಮೇಡಂ ಚಹಾ ಕೊಡುವ ನೆಪದಲ್ಲಿ ಬಂದು ನೆಟ್ಟಗೆ ಮಾಡಿ ಹೋಗುತ್ತಿದ್ದರು. ನಾನು ಆನೇಕಲ್ ಕಡೆಯವನೆಂದಾಗ, "ತಳಿ ರಸ್ತೇದಾಗ ಆ ಹುಣಸೀಮರದ ತಿರುವು ಇನ್ನೂ ಹಂಗ ಐತೇನು?" ಎಂದು ಕೇಳಿದರು. ಇದೆ ಎಂದೆ. "ಛಲೋ ತಿರುವು" ಎಂದು ಬಾಲ್ಕನಿಯ ಕಡೆ ಮುಖ ಮಾಡಿದರು. ಲಿಫ್ಟಿನವರೆಗೆ ಬಿಡಲು ಬಂದ ಮೇಡಂ, "ನೋಡಿದ್ರಿಲ್ಲ, ಈ ಭುಜ ಕೆಳಗ, ತಲಿ ಸ್ವಲ್ಪ ಮುಂದ. ಹಂಗ ಕುಂದರಬೇಕು" ಎಂದು ನನಗೆ ಪಾಠ ಹೇಳಿದರು.

ಹಾಗೆ ಶುರುವಾದವು ನಮ್ಮ ಭಾನುವಾರಗಳು. ಬನ್ನೇರುಘಟ್ಟದಿಂದ ಆಚೆ ರಾಗಿಹಳ್ಳಿಯ ಕಡೆ, ಆನೇಕಲ್ಲಿನಿಂದ ಮುತ್ಯಾಲಮಡುವಿನ ಇಳಿಜಾರಿಗೆ, ತಮಿಳುನಾಡಿನ ಗಡಿ ದಾಟಿ ತಳಿಯ ಕಡೆ, ಎಲ್ಲೆಲ್ಲಿ ರಸ್ತೆ ಡೊಂಕಾಗಿದೆಯೋ ಅಲ್ಲೆಲ್ಲ. ನಾನು ಹುಟ್ಟಿದ ಸೀಮೆಯ ರಸ್ತೆಗಳೇ, ಆದರೆ ಅಲ್ಲಿಯವರೆಗೆ ಅವು ನನಗೆ ಕೆಲಸಕ್ಕೆ ಹೋಗುವ ದಾರಿಗಳಷ್ಟೇ ಆಗಿದ್ದವು. ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕೂತು ನೋಡಿದಾಗ ರಾಗಿ ಹೊಲ, ಗುಲಾಬಿ ಬೆಳೆಯುವ ಪಾಲಿಹೌಸು, ಬಂಡೆ, ನೀಲಗಿರಿ ತೋಪು ಎಲ್ಲವೂ ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಬಾಗಿ ಹೋಗುವುದು ಚೆಂದವಿತ್ತು. ಚೆಂದವಿದೆಯೆಂದು ಮೈ ಸ್ವಲ್ಪ ಸಡಿಲ ಬಿಟ್ಟರೆ ಬೈಗುಳ. "ತಮ್ಮಾ, ನೀವು ಬಲಕ ಬಾಗಿದ್ರಿ. ನಮ್ಮವರು ಬಾಗಂಗಿಲ್ಲ. ಸುಮ್ನ ಜೋತಾಡ್ರಿ."

ಬಲ ತಿರುವು ಬಂದಾಗ ಎಡಕ್ಕೇ ವಾಲಿಕೊಂಡಿರುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಮೊದಮೊದಲು ಗಾಡಿ ರಸ್ತೆಯ ಎಡಗಡೆಯ ಮಣ್ಣಿಗೆ ಇಳಿದುಬಿಡುತ್ತಿತ್ತು. ಮುತ್ಯಾಲಮಡುವಿನ ಇಳಿಜಾರಿನಲ್ಲಿ ಒಮ್ಮೆ ಇಬ್ಬರೂ ಲಾಂಟಾನ ಪೊದೆಯೊಳಗೆ ಹೋದೆವು. ಮುಳ್ಳು ಕಿತ್ತುಕೊಳ್ಳುತ್ತಾ ನಾನು ಗೊಣಗಿದರೆ ಅವರು, "ನೀವು ಬಿದ್ರಿ ಛಲೋ ಆತು, ಅವರು ಬೀಳಬಾರದು" ಎಂದರು. ಕ್ರಮೇಣ ಅವರಿಗೆ ಒಂದು ಉಪಾಯ ಕೈಗೆ ಹತ್ತಿತು. ಬಲ ತಿರುವಿನ ಮೊದಲೇ ವೇಗ ಇಳಿಸಿ, ತಮ್ಮ ಮೈಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಲಕ್ಕೆ ಹಾಕಿ, ಹ್ಯಾಂಡಲ್ಲನ್ನೂ ಅದುಮಿ, ನನ್ನ ಭಾರವನ್ನು ಎಳೆದುಕೊಂಡು ಹೋಗುತ್ತಿದ್ದರು. ಹೊರಡುವ ಮೊದಲು ಟೈರು, ಬ್ರೇಕು, ಕನ್ನಡಿ ಎಲ್ಲ ನೋಡಿ "ಕ್ಲಿಯರ್ ಏನು?" ಅನ್ನುವರು. ನಾನು ಎರಡನೇ ಸಲ ನೋಡಿ "ಕ್ಲಿಯರ್" ಅನ್ನಬೇಕಿತ್ತು. ಬೊಮ್ಮಸಂದ್ರದ ವೆಲ್ಡಿಂಗ್ ಅಂಗಡಿಯಲ್ಲಿ ಎಡಗಾಲು ಜಾರದಂತೆ ಒಂದು ಕಬ್ಬಿಣದ ಗೂಡು ಮಾಡಿಸಿ ಹಾಕಿದರು. ನನ್ನ ಕಾಲನ್ನು ಅದರಲ್ಲಿ ಇಡಿಸಿ ಪರೀಕ್ಷಿಸಿದ್ದೂ ಆಯಿತು.

ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಬುತ್ತಿ ಇರುತ್ತಿತ್ತು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಎಂಜಿನ್ನಿನ ಶಾಖಕ್ಕೆ ಪೆಟ್ಟಿಗೆ ಬಿಸಿಯಾಗಿ, ನಾವು ಯಾವುದಾದರೂ ಕೆರೆ ಏರಿಯ ಮೇಲೆ ನಿಲ್ಲಿಸುವ ಹೊತ್ತಿಗೆ ಪಲ್ಯ ಈಗ ಒಲೆಯಿಂದ ಇಳಿಸಿದ ಹಾಗಿರುತ್ತಿತ್ತು. ನನ್ನ ತೂಕ ಇಳಿಯಬಾರದೆಂದು ಒಂದು ರೊಟ್ಟಿ ಹೆಚ್ಚೇ ಹಾಕುತ್ತಿದ್ದರು. ಒಮ್ಮೆ ರಾಗಿಹಳ್ಳಿ ದಾರಿಯಲ್ಲಿ ನುಗ್ಗೆಕಾಯಿ ಕಟ್ಟು ಹೊತ್ತ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು. "ಏನವ್ವ, ಇದು ಕಾರಾ ಇಸ್ಕೂಟ್ರಾ?" ಎಂದಳು. ಬಸ್ಸು ತಪ್ಪಿಹೋಗಿದೆ ಅಂದಳು. ಮೇಡಂ ಹಿಂದೆ ತಿರುಗಿ, "ತಮ್ಮಾ, ಇಳೀರಿ" ಎಂದರು. ಮುದುಕಿ ಎಡಕ್ಕೆ ಎರಡೂ ಕಾಲು ಇಳಿಬಿಟ್ಟು ಕೂತು, ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೇಹೋದಳು. ಬಿಸಿಲಿನಲ್ಲಿ ನಾನು ಮೋರಿ ಕಟ್ಟೆಯ ಮೇಲೆ ಕೂತಿದ್ದೆ. ಅವಳನ್ನು ಊರಿಗೆ ಬಿಟ್ಟು ವಾಪಸ್ಸು ಬಂದ ಮೇಡಂ ಬಹಳ ಖುಷಿಯಲ್ಲಿದ್ದರು. "ಆಯಿ ನಿಮಗಿಂತ ಛಲೋ ಎಡಕ ವಾಲತಾಳ" ಎಂದರು. ನನಗೆ ಹೊಟ್ಟೆಕಿಚ್ಚಾಯಿತು.

ಆದರೆ ಯಜಮಾನರನ್ನು ಒಪ್ಪಿಸುವುದು ಹೇಗೆ? ಕೇಳಿದರೆ ಇಲ್ಲ ಅನ್ನುವ ಮನುಷ್ಯ, ಒಮ್ಮೆ ಇಲ್ಲ ಅಂದರೆ ಮತ್ತೆ ಹೌದು ಅನ್ನುವವರಲ್ಲ. ಆದ್ದರಿಂದ ಮೇಡಂ ಕೇಳಲೇ ಇಲ್ಲ. ಪ್ರತಿ ಭಾನುವಾರ ಮನೆಗೆ ಹೋಗಿ ಅವತ್ತಿನ ರಸ್ತೆಯನ್ನು ವರ್ಣಿಸುತ್ತಿದ್ದರು, ಮತ್ತು ಬೇಕೆಂತಲೇ ತಪ್ಪು ಹೇಳುತ್ತಿದ್ದರು. ಕೆರೆ ದಾಟಿದ ಮೇಲೆ ಮೊದಲು ಬಲಕ್ಕೆ ಆಮೇಲೆ ಎಡಕ್ಕೆ ಅನ್ನುವರು. ಯಜಮಾನರು ಸುಮ್ಮನೆ ಕೇಳಿಸಿಕೊಂಡು, ತಡೆಯಲಾರದೆ, "ಮೊದಲ ಎಡಕ" ಅನ್ನುವರು. ಇವರು ಇಲ್ಲ ಬಲಕ್ಕೇ ಎಂದು ಸಾಧಿಸುವರು. ಸಾವಿರಾರು ಡಬ್ಬಿಗಳಲ್ಲಿ ಒಂದು ತಪ್ಪು ಲೇಬಲ್ಲನ್ನು ಹಿಡಿದು ತೆಗೆಯುವ ಹೆಂಗಸು ಮನೆಯಲ್ಲಿ ಕೂತು ಇಡೀ ಆನೇಕಲ್ ತಾಲ್ಲೂಕಿನ ರಸ್ತೆಗಳನ್ನು ತಿರುಗುಮುರುಗು ಮಾಡುತ್ತಿದ್ದರು. ಸೋಮವಾರ ಫ್ಯಾಕ್ಟರಿಯಲ್ಲಿ ನನ್ನ ಹತ್ತಿರ ಬಂದು, "ನಿನ್ನೆ ಅರ್ಧಾ ತಾಸು ಜಗಳಾಡಿದ್ರು ತಮ್ಮಾ" ಎಂದು ಗುಟ್ಟಿನಲ್ಲಿ ಹೇಳುವಾಗ ಅವರ ಮುಖ ನೋಡಬೇಕಿತ್ತು. ಮಾತೇ ಬಿಟ್ಟಿದ್ದ ಗಂಡ ಜಗಳವಾಡಿದ ಸಂತೋಷ ಅದು.

ತಳಿ ರಸ್ತೆಯ ಹುಣಸೇಮರದ ತಿರುವನ್ನು ಇವರು ಎಡ ತಿರುವು ಎಂದು ಹೇಳಿದ ದಿನ ಯಜಮಾನರಿಗೆ ತಡೆಯಲಾಗಲಿಲ್ಲ. "ನಿನಗ ರಸ್ತೆ ಹೇಳಾಕ ಬರಂಗಿಲ್ಲ. ನಾನ ಬಂದು ತೋರಸ್ತೀನಿ" ಎಂದರಂತೆ. ಮೇಡಂ ಅಡುಗೆಮನೆಗೆ ಹೋಗಿ ನನಗೆ ಫೋನ್ ಮಾಡಿದರು. "ಬರೂ ಭಾನುವಾರ ನಿಮ್ಮ ಗಾಡಿ ತಗೊಂಡು ಹಿಂದ ಬರ್ರಿ. ಏನರ ಆದ್ರ ಎತ್ತಾಕ ಒಬ್ಬರು ಬೇಕು."

ಅಪಾರ್ಟ್‌ಮೆಂಟಿನ ಮುಂದೆ ಗಾಲಿಕುರ್ಚಿಗೆಂದು ಮಾಡಿದ ಇಳಿಜಾರು ಕಟ್ಟೆಯ ಪಕ್ಕಕ್ಕೆ ಸ್ಕೂಟರನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕಟ್ಟೆಯ ಮೇಲಿಂದ ಅವರನ್ನು ಸೀಟಿಗೆ ದಾಟಿಸಿದೆವು. ನಾನೊಂದು ಕಡೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನೊಂದು ಕಡೆ. ಎಡಗಾಲನ್ನು ಎತ್ತಿ ಗೂಡಿನಲ್ಲಿಟ್ಟೆವು. ಮೇಡಂ ಅಗಲವಾದ ಬೆಲ್ಟು ತಂದಿದ್ದರು, ಸೊಂಟಕ್ಕೆ ಸುತ್ತಿ ಆಸರೆಗೆ ಬಿಗಿಯಲು. "ನಾ ಏನ್ ಗ್ಯಾಸ್ ಸಿಲಿಂಡರೇನು?" ಎಂದು ಯಜಮಾನರು ಅದನ್ನು ಮುಟ್ಟಗೊಡಲಿಲ್ಲ. ಹೆಂಡತಿ ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಹಾಕುವಾಗ ಮಾತ್ರ ಸುಮ್ಮನೆ ಕತ್ತು ಚಾಚಿದರು. ಮೇಡಂ ಮುಂದೆ ಹತ್ತಿ ಕೂತ ಮೇಲೆ ಬಲಗೈಯಿಂದ ಅವರ ಭುಜ ಹಿಡಿದುಕೊಂಡರು. ಮೇಲಿನ ಮನೆಗಳ ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಮೇಡಂ ಯಾರ ಕಡೆಯೂ ನೋಡದೆ "ಕ್ಲಿಯರ್ ಏನು?" ಎಂದರು. ಕ್ಲಿಯರ್ ಎಂದೆ.

ಚಂದಾಪುರ, ಆನೇಕಲ್ ಎಲ್ಲ ಸುಸೂತ್ರವಾಗಿ ದಾಟಿದೆವು. ಊರೊಳಗಿನ ನಿಧಾನದಲ್ಲಿ ಬಾಗುವ ಪ್ರಶ್ನೆಯೇ ಇಲ್ಲ. ಆನೇಕಲ್ ಬಿಟ್ಟ ಮೇಲೆ ಒಂದು ಉದ್ದನೆಯ ಎಡ ತಿರುವು ಬಂತು, ಗಾಡಿ ಎಣ್ಣೆಯ ಹಾಗೆ ಹರಿದು ಹೋಯಿತು. ನನ್ನ ಎದೆ ಹಗುರಾಯಿತು. ಮುಂದಿನದೇ ಹುಣಸೇಮರದ ತಿರುವು, ಬಲಕ್ಕೆ. ಮೇಡಂ ವೇಗ ಇಳಿಸಿದರು. ಕಲಿತ ಹಾಗೆಯೇ ಮೈಯನ್ನು ಪೂರ್ತಿ ಬಲಕ್ಕೆ ಹಾಕಿ ಹ್ಯಾಂಡಲ್ಲನ್ನು ಅದುಮಿದರು.

ಅದೇ ಕ್ಷಣಕ್ಕೆ ಯಜಮಾನರೂ ಬಲಕ್ಕೆ ಬಾಗಿದರು. ಅಳ್ಳಕವಾಗಿ ಅಲ್ಲ, ಭುಜ ಸೊಂಟ ಎಲ್ಲ ಸೇರಿ, ಜೀವನವಿಡೀ ಓಡಿಸಿದವರು ಬಾಗುವ ಹಾಗೆ. ಎರಡೂ ಭಾರ ಒಂದೇ ಕಡೆ ಬಿದ್ದು ಗಾಡಿ ರಸ್ತೆಯನ್ನು ಅಡ್ಡ ಕತ್ತರಿಸಿಕೊಂಡು ಬಲಗಡೆಯ ಮಣ್ಣಿಗೆ ನುಗ್ಗಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ನಮ್ಮ ಪುಣ್ಯ. ಮೇಡಂ ಬಲಗಾಲು ಊರಿ ಹಲ್ಲು ಕಚ್ಚಿ ಹಿಡಿದುಕೊಂಡಿದ್ದರು. ಗಾಡಿ ಇನ್ನೇನು ಮಗುಚಬೇಕು, ನಾನು ನನ್ನ ಬೈಕನ್ನು ಹಾಗೇ ಬೀಳಿಸಿ ಓಡಿಹೋಗಿ ಒತ್ತಿ ಹಿಡಿದೆ. ಇಬ್ಬರೂ ಸೇರಿ ಯಜಮಾನರನ್ನು ಇಳಿಸಿ, ಸೀಟು ಹಿಡಿಸಿ ನಿಲ್ಲಿಸಿದೆವು.

ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಮುಗಿಯಿತು ಎಂದು ಅವರು ಅಂದುಕೊಂಡದ್ದು ನನಗೆ ಕಾಣುತ್ತಿತ್ತು, ಯಾಕೆಂದರೆ ನಾನೂ ಅದನ್ನೇ ಅಂದುಕೊಂಡಿದ್ದೆ. ಅಷ್ಟು ಭಾನುವಾರಗಳು, ಅಷ್ಟು ತಿರುವುಗಳು, ಎಲ್ಲ ಮಣ್ಣುಪಾಲು.

ಯಜಮಾನರು ಉಸಿರು ಸುಧಾರಿಸಿಕೊಂಡು, "ಯಾಕ ಅಷ್ಟು ಎಳದಿ?" ಎಂದು ಕೇಳಿದರು.

"ನೀವು ಎಡಕ ವಾಲ್ತೀರಂತ ಎಳದೆ."

"ಯಾರು ಹೇಳಿದ್ರು?"

ಮೇಡಂ ನನ್ನ ಕಡೆ ನೋಡಿದರು. ನಾನೇ ತೊದಲುತ್ತಾ ಎಲ್ಲ ಹೇಳಿದೆ. ಮನೆಗೆ ಬಂದದ್ದು, ದಿಂಬು ನೋಡಿದ್ದು, ಇಷ್ಟು ದಿನ ಅವರ ಹಾಗೆ ಎಡಕ್ಕೆ ಜೋತು ಹಿಂದೆ ಕೂತದ್ದು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಬೈಗುಳವೂ ಅಲ್ಲದ ನಗುವೂ ಅಲ್ಲದ ದನಿಯಲ್ಲಿ ಹೇಳಿದರು:

"ಸೋಫಾದ ಮ್ಯಾಲ ವಾಲ್ತೀನಿ. ಗಾಡಿ ಮ್ಯಾಲ ಯಾಕ ವಾಲ್ಲಿ?"

ಮೇಡಂ ಅಲ್ಲೇ ರಸ್ತೆ ಬದಿಯ ಮಣ್ಣಿನಲ್ಲಿ ಕೂತುಬಿಟ್ಟರು. ಹೆಲ್ಮೆಟ್ಟು ತೆಗೆಯಲೂ ತೋಚದೆ, ಮಂಡಿಗೆ ತಲೆ ಕೊಟ್ಟು ಅತ್ತರು. ಫ್ಯಾಕ್ಟರಿಯಲ್ಲಿ ಅವರ ಕಣ್ಣಲ್ಲಿ ಹನಿ ನೀರು ಕಂಡವರಿಲ್ಲ. ಆ ಮನುಷ್ಯನ ಅರ್ಧ ಮೈ ಸತ್ತಿದೆಯೆಂದು ನಾವಿಬ್ಬರೂ ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕಂತೆ ತಿಂಗಳುಗಟ್ಟಲೆ ಕಲಿತಿದ್ದೆವು. ಆ ಮೈ ಒಂದು ತಿರುವು ಸಿಕ್ಕಿದ್ದೇ ಎದ್ದು ಕೂತಿತ್ತು.

ಯಜಮಾನರಿಗೆ ಬಗ್ಗಿ ಹೆಂಡತಿಯನ್ನು ಎಬ್ಬಿಸಲು ಆಗುತ್ತಿರಲಿಲ್ಲ. ಬಲಗೈಯಲ್ಲಿ ಸೀಟು ಹಿಡಿದು ನಿಂತೇ, "ಏಳು, ಬಿಸಲ ಏರಾಕತ್ತೈತಿ. ಗಾಡಿ ಹೊಳ್ಳಸು. ಇದ ತಿರುವು ಮತ್ತೊಮ್ಮೆ ಹೋಗೂಣು" ಎಂದರು.

"ನಿಮಗ ಅಂಜಿಕಿ ಆಗಲಿಲ್ಲೇನ್ರಿ?"

"ನಿನಗ ಆಗೇತಿ. ಅದಕ್ಕ ಮತ್ತೊಮ್ಮೆ. ಈ ಸಲ ನೀ ಏನೂ ಎಳೀಬ್ಯಾಡ. ಹಗರ್ಕ ಬಿಡು, ನಾ ಬರ್ತೀನಿ ನಿನ್ನ ಸಂಗಾಟ."

ಹತ್ತಿಸಲು ಕಟ್ಟೆ ಇರಲಿಲ್ಲ. ಹೊಲದ ಬದುವಿನ ಪಕ್ಕಕ್ಕೆ ಗಾಡಿ ನಿಲ್ಲಿಸಿ, ನಾನು ಹೆಚ್ಚುಕಡಿಮೆ ಹೊತ್ತೇ ಕೂರಿಸಿದೆ. ಅವರು ಹಿಂದಕ್ಕೆ ಸ್ವಲ್ಪ ದೂರ ಹೋಗಿ ತಿರುಗಿಸಿಕೊಂಡು ಬಂದರು. ನಾನು ಹುಣಸೇಮರದ ಕೆಳಗೆ ನಿಂತಿದ್ದೆ, ಏನಾದರೂ ಆದರೆ ಓಡಲು ಚಪ್ಪಲಿ ಕಳಚಿಟ್ಟು. ಮೇಡಂ ಹಾರ್ನ್ ಮಾಡಿದರು. ತಿರುವಿನಲ್ಲಿ ಎರಡು ಹೆಲ್ಮೆಟ್ಟುಗಳು ಒಟ್ಟಿಗೆ ಬಲಕ್ಕೆ ಬಾಗಿದವು, ಒಟ್ಟಿಗೆ ನೆಟ್ಟಗಾದವು. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆಂದು ಹೇಳಲು ಬರುವ ಹಾಗಿರಲಿಲ್ಲ.

ಮುಂದೆ ಎಲ್ಲಾದರೂ ನಿಲ್ಲಿಸುತ್ತಾರೆಂದು ನೋಡುತ್ತಾ ನಿಂತೆ. ನಿಲ್ಲಿಸಲಿಲ್ಲ. ಮುಂದಿನ ತಿರುವಿನಲ್ಲಿ ಎಡಕ್ಕೆ ಬಾಗಿ ಮರೆಯಾದರು. ಹಾರ್ನ್ ಒಂದೆರಡು ಸಲ ದೂರದಿಂದ ಕೇಳಿಸಿ ನಿಂತುಹೋಯಿತು. ಬಿದ್ದ ನನ್ನ ಬೈಕು ಇನ್ನೂ ರಸ್ತೆ ಬದಿಯಲ್ಲಿ ಮಲಗಿತ್ತು, ಅದನ್ನೆತ್ತಿ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಅವರಿಬ್ಬರಿಗೂ ನನ್ನ ನೆನಪು ಪೂರ್ತಿ ಹೋಗಿಬಿಟ್ಟಿತ್ತು, ಅದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಆ ಖಾಲಿ ರಸ್ತೆಯನ್ನೇ ನೋಡುತ್ತಾ ನಿಂತಿದ್ದೆ.